ಒಬ್ಬ ದೇವರು, ಮೂವರು ಯಾರು? ‘ತ್ರಿಯೇಕ’ದ ಸುತ್ತಲ ಪದಗಳು

ಪ್ರಶ್ನೆ: ಬೆಂಗಳೂರಿನ ಮೆಟ್ರೊ ಫಲಕ ‘ಟ್ರಿನಿಟಿ’ ಎಂದೇ ಬರೆದು ಪಾರಾಗಿದೆ. ತಂದೆ, ಮಗ (ಕ್ರಿಸ್ತ), ಪವಿತ್ರಾತ್ಮ ಮೂವರಾದರೂ ದೇವರು ಒಬ್ಬನೇ ಎಂಬ ಕ್ರೈಸ್ತ ನಂಬಿಕೆಯ ಹೆಸರು ಅದು. ಕ್ರೈಸ್ತ ಪಂಥಗಳ ಕುರಿತ ಲೇಖನವನ್ನು ಕನ್ನಡಕ್ಕೆ ತರುವವರಿಗೆ ಆ ಅನುಕೂಲವಿಲ್ಲ. ‘ತ್ರಿಮೂರ್ತಿ’ ಎನ್ನಬಹುದೇ? ‘ಮೂರು ವ್ಯಕ್ತಿ’ಯೋ ‘ಮೂವರು ವ್ಯಕ್ತಿಗಳೋ’? ಇಂಗ್ಲಿಷಿನ ‘ನೇಚರ್’ಗೆ ‘ಸ್ವಭಾವ’ ಎಂದರೆ ಗುಣನಡತೆ ಎಂದಾಗುವುದಿಲ್ಲವೇ? ಬಲ್ಲವರು ತಿಳಿಸಿ.

ಉತ್ತರ: ನಮಸ್ಕಾರ. ‘ತ್ರಿಮೂರ್ತಿ’ ಬೇಡ. ಸೃಷ್ಟಿ ಒಬ್ಬನಿಗೆ, ಸ್ಥಿತಿ ಒಬ್ಬನಿಗೆ, ಲಯ ಒಬ್ಬನಿಗೆ ಎಂಬ ಕೆಲಸದ ಹಂಚಿಕೆ ಆ ಪದದ ಬೆನ್ನಿಗೇ ಬರುತ್ತದೆ. ಚರ್ಚುಗಳಲ್ಲಿ ರೂಢಿಯಲ್ಲಿರುವ ‘ತ್ರಿತ್ವ’, ‘ತ್ರಿಯೇಕ ದೇವರು’ ಸಾಕು. ‘ತ್ರಿಯೇಕ’ ಮೇಲು, ಮೂರೂ ಒಂದೂ ಪದದೊಳಗೇ ಇವೆ. (ಸಂಸ್ಕೃತ ಸಂಧಿಯಂತೆ ‘ತ್ರ್ಯೇಕ’ ಆಗಬೇಕೆಂದು ತಿದ್ದಲು ಹೋಗಬೇಡಿ, ಯಾರೂ ಹಾಗೆ ಉಚ್ಚರಿಸುವುದಿಲ್ಲ.)

ಹೆಚ್ಚು ಎಡವುವುದು ‘ಸಮ’ ಎಂಬ ಪದದಲ್ಲಿ. 325ರಲ್ಲಿ ನೈಸೀಯದಲ್ಲಿ ಸೇರಿದ ಬಿಷಪರ ಸಭೆ ಮಗನನ್ನು ತಂದೆಯೊಡನೆ ಗ್ರೀಕಿನಲ್ಲಿ ‘ಹೊಮೊಊಸಿಯೊಸ್’ ಎಂದಿತು, ಅಂದರೆ ಅದೇ ಸತ್ವದವನು. ಮಗನೂ ಸೃಷ್ಟಿಯಾದವನೇ ಎಂದ ಆರಿಯಸ್‌ಗೆ ಕೊಟ್ಟ ಉತ್ತರ ಅದು. ಆಮೇಲೆ ಕೆಲವರು ‘ಹೊಮೊಇಊಸಿಯೊಸ್’ ಎಂದರು, ಅಂದರೆ ಹೋಲುವ ಸತ್ವದವನು. ನಡುವೆ ಇರುವುದು ಒಂದೇ ಅಕ್ಷರ. ‘ಸಮಸತ್ವ’ ಎಂದು ಬರೆದರೆ ಓದುಗ ಎರಡರಲ್ಲಿ ಯಾವುದನ್ನಾದರೂ ಹಿಡಿಯಬಹುದು. ಮೊದಲನೆಯದಕ್ಕೆ ‘ಏಕಸತ್ವ’, ಎರಡನೆಯದಕ್ಕೆ ‘ಸದೃಶಸತ್ವ’ ಇರಲಿ.

‘ವ್ಯಕ್ತಿ’ಗೆ ಬದಲಿ ಸಿಗುವುದು ಕಷ್ಟ. ಲ್ಯಾಟಿನ್ನಿನ ‘ಪೆರ್ಸೋನ’ಕ್ಕೆ ನಾಟಕದ ಮುಖವಾಡ ಎಂಬ ಅರ್ಥವೂ ಇತ್ತು. ಒಬ್ಬನೇ ದೇವರು ಮೂರು ವೇಷ ತೊಟ್ಟ ಎಂಬ ಸಬೆಲ್ಲಿಯಸ್ಸನ ವಾದಕ್ಕೆ ಅದು ಹತ್ತಿರ. ಕನ್ನಡದ ‘ವ್ಯಕ್ತಿ’ಯ ಅಪಾಯ ತಿರುಗುಮುರುಗು, ಮೂವರು ಬೇರೆ ಬೇರೆ ಆಸಾಮಿಗಳು ಕಣ್ಣಿಗೆ ಬರುತ್ತಾರೆ. ‘ಮೂವರು ವ್ಯಕ್ತಿಗಳು’ ಎಂದೇ ಬರೆಯಿರಿ, ಆದರೆ ‘ದೇವರು ಒಬ್ಬನೇ’ ಎಂಬುದು ಅದೇ ವಾಕ್ಯದಲ್ಲಿ ಬರಲಿ.

‘ಸ್ವಭಾವ’ದ ಬಗ್ಗೆ ನಿಮ್ಮ ಅನುಮಾನ ಸರಿ. ಮೊದಲ ಸಲ ‘ದೈವಸ್ವಭಾವ’, ‘ಮಾನವಸ್ವಭಾವ’ ಎಂದು ಜೋಡಿಸಿ ಬರೆದರೆ ಗುಣನಡತೆಯ ಅರ್ಥ ಹಿಂದೆ ಸರಿಯುತ್ತದೆ. ಇಲ್ಲಿ ಕನ್ನಡದ ಒಬ್ಬ–ಒಂದು ಭೇದ ಒಳ್ಳೆಯ ಒರೆಗಲ್ಲು. 451ರ ಕಾಲ್ಸಿಡಾನ್ ಸಭೆಯ ಮಾತು: ಕ್ರಿಸ್ತ ಒಬ್ಬನೇ, ಸ್ವಭಾವ ಎರಡು, ಬೆರಕೆಯಿಲ್ಲ, ಮಾರ್ಪಾಡಿಲ್ಲ, ವಿಭಾಗವಿಲ್ಲ, ಅಗಲಿಕೆಯಿಲ್ಲ. ಕಾನ್‌ಸ್ಟಾಂಟಿನೋಪಲ್‌ನ ಬಿಷಪ್ ನೆಸ್ಟೋರಿಯಸ್ಸನ ಮೇಲಿದ್ದ ಆರೋಪ, ಅವನು ಒಬ್ಬ ಕ್ರಿಸ್ತನನ್ನು ‘ಇಬ್ಬರು’ ಮಾಡುತ್ತಾನೆ ಎಂಬುದು. ಕಾಪ್ಟಿಕ್, ಸಿರಿಯನ್ ಆರ್ಥೊಡಾಕ್ಸ್ ಚರ್ಚುಗಳವರು ಒಪ್ಪುವುದು ‘ಒಂದುಗೂಡಿದ ಒಂದು ಸ್ವಭಾವ’. ಅವರನ್ನು ಬರಿದೇ ‘ಏಕಸ್ವಭಾವವಾದಿಗಳು’ ಎಂದರೆ ಮಾನವತ್ವ ದೈವತ್ವದಲ್ಲಿ ಕರಗಿಹೋಯಿತೆಂಬ ಯೂಟಿಕೀಸನ ವಾದವನ್ನು ಅವರ ತಲೆಗೆ ಕಟ್ಟಿದಂತೆ. ಆ ವಾದವನ್ನು ಅವರೂ ತಿರಸ್ಕರಿಸಿದ್ದಾರೆ.

ಯೇಸುವಿನ ತಾಯಿ ಮರಿಯಳನ್ನು ಕರೆಯುವ ಗ್ರೀಕಿನ ‘ಥಿಯೊಟೊಕೊಸ್’ಗೆ ‘ದೇವಮಾತೆ’ ರೂಢಿಯಲ್ಲಿದೆ. ಆದರೆ 431ರ ಎಫೆಸ ಸಭೆಯ ಜಗಳವನ್ನು ವಿವರಿಸುವಾಗ ‘ದೇವರನ್ನು ಹೆತ್ತವಳು’ ಎಂದೇ ಬಿಡಿಸಿ ಹೇಳಿ. ಜಗಳವಿದ್ದದ್ದು ಹೆತ್ತದ್ದು ಯಾರನ್ನು ಎಂಬುದರ ಮೇಲೆ.

ಇನ್ನು ಕ್ರಿಯಾಪದ. ಹಳೆಯ ಕನ್ನಡ ಬೈಬಲ್ಲಿನಲ್ಲಿ ‘ದೇವರು ... ಉಂಟುಮಾಡಿದನು’ ಎಂದಿದೆ, ನಾಮ ಬಹುವಚನದ ರೂಪ, ಕ್ರಿಯೆ ಏಕವಚನ. ಗೌರವಕ್ಕೆಂದು ‘ಮಾಡಿದರು’ ಎಂದು ತಿದ್ದಿದರೆ ಒಬ್ಬನ ಮಾತೋ ಮೂವರ ಮಾತೋ ತಿಳಿಯದು. ಸಿದ್ಧಾಂತ ಹೇಳುವ ವಾಕ್ಯಗಳಲ್ಲಾದರೂ ‘ನು’ ಉಳಿಸಿ. ಹಾಗೆಯೇ ತ್ರಿತ್ವವನ್ನು ಒಪ್ಪುವವರಿಗೆ ‘ಪವಿತ್ರಾತ್ಮನು ಬಂದನು’. ಯೆಹೋವನ ಸಾಕ್ಷಿಗಳು ಅದನ್ನು ದೇವರ ಶಕ್ತಿ ಎನ್ನುತ್ತಾರೆಯೇ ಹೊರತು ವ್ಯಕ್ತಿ ಎನ್ನುವುದಿಲ್ಲ. ಅವರ ನಿಲುವನ್ನು ಬರೆಯುವಾಗ ‘ಪವಿತ್ರಾತ್ಮವು ಬಂದಿತು’ ಎಂಬುದೇ ಸರಿ.