ಈಸ್ಟರ್ ಊಟಕ್ಕೆ ಹದಿನಾರು ಲೋಟ ಬರ್ಬನ್: ಜಗ್ಗಿಗೆ ನೀರು ಎಷ್ಟು?

ಪ್ರಶ್ನೆ: ಸರ್, ನಮಸ್ಕಾರ. ಈ ಸಲ ಈಸ್ಟರ್ ಭಾನುವಾರದ ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ದೊಡ್ಡವರು ಹನ್ನೊಂದು ಜನ, ಅವರಲ್ಲಿ ಮೂವರು ಕುಡಿಯುವುದಿಲ್ಲ. ಮಕ್ಕಳು ಮೂವರು. ಹೋದ ವರ್ಷ ಅಣ್ಣನ ಮನೆಯಲ್ಲಿ ಒಬ್ಬೊಬ್ಬರಿಗೂ ಶೇಕರ್ ಕುಲುಕಿ ಕೊಡುತ್ತ ನಿಂತು ನಾನು ಊಟಕ್ಕೆ ಕೂತಿದ್ದು ಎಲ್ಲರೂ ಎದ್ದ ಮೇಲೆ. ಉಡುಗೊರೆ ಬಂದ 750 ಮಿ.ಲೀ. ಬರ್ಬನ್ (ಅಮೆರಿಕದ ವಿಸ್ಕಿ) ಬಾಟಲಿ ಇದೆ, ಆಲ್ಕೋಹಾಲ್ 45%. ಚಳಿಗಾಲಕ್ಕೆ ಓಲ್ಡ್ ಫ್ಯಾಷನ್ಡ್ ಕಾಕ್‌ಟೇಲ್ ಮಾಡುವುದು ಗೊತ್ತು. ವಸಂತಕ್ಕೆ ಹಗುರವಾಗಿ ಏನು ಮಾಡಲಿ? ಮೊದಲೇ ಬೆರೆಸಿಟ್ಟರೆ ಕೆಡುತ್ತದೆಯೇ?

ಉತ್ತರ: ನಮಸ್ಕಾರ ಮೇಡಂ. ಎಂಟು ಜನಕ್ಕೆ ತಲಾ ಎರಡು ಲೋಟ ಎಂದರೆ ಹದಿನಾರು. ನಿಮ್ಮ ಒಂದು ಬಾಟಲಿ ಅದಕ್ಕೆ ಸರಿಹೋಗುತ್ತದೆ. ಬಗೆಬಗೆಯ ಕಾಕ್‌ಟೇಲ್ ಬೇಡ. ಒಂದನ್ನೇ ಚೆನ್ನಾಗಿ ಮಾಡಿ ಜಗ್ಗಿನಲ್ಲಿಡಿ.

ನನ್ನ ಆಯ್ಕೆ ಗೋಲ್ಡ್ ರಶ್. ನ್ಯೂಯಾರ್ಕಿನ ಬಾರೊಂದರಲ್ಲಿ 2000ರ ದಶಕದ ಆರಂಭದಲ್ಲಿ ಹುಟ್ಟಿದ್ದು. ವಿಸ್ಕಿ, ನಿಂಬೆ, ಸಕ್ಕರೆ ಪಾಕದ ‘ವಿಸ್ಕಿ ಸೌರ್’ ಕಾಕ್‌ಟೇಲಿನಿಂದ ಸಕ್ಕರೆ ಪಾಕ ತೆಗೆದು ಆ ಜಾಗಕ್ಕೆ ಜೇನು ಹಾಕಿದರೆ ಅದೇ ಗೋಲ್ಡ್ ರಶ್. ಬರ್ಬನ್ ಮಾಡುವ ಧಾನ್ಯದಲ್ಲಿ ಕನಿಷ್ಠ 51% ಮೆಕ್ಕೆಜೋಳ ಇರಲೇಬೇಕು, ಒಳಗೋಡೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಅದನ್ನು ಇಡಬೇಕು. ಅದರ ವೆನಿಲ್ಲಾ, ಕ್ಯಾರಮೆಲ್ ಪರಿಮಳ ಬರುವುದು ಆ ಸುಟ್ಟ ಮರದಿಂದ. ಜೇನು ಅದಕ್ಕೆ ಒಡಹುಟ್ಟಿದ ಹಾಗೆ ಒಗ್ಗುತ್ತದೆ. ನಿಂಬೆ ಆ ಸಿಹಿಯನ್ನು ಎತ್ತಿ ಹಗುರ ಮಾಡುತ್ತದೆ.

ಅಳತೆ ಹೀಗೆ: ಬರ್ಬನ್ 720 ಮಿ.ಲೀ. (ಲೋಟಕ್ಕೆ 45), ಸೋಸಿದ ನಿಂಬೆರಸ 320, ಜೇನಿನ ಪಾಕ 320, ನೀರು 270. ಪಾಕಕ್ಕೆ ಎರಡು ಪಾಲು ಜೇನು, ಒಂದು ಪಾಲು ಬಿಸಿನೀರು. ಜೇನನ್ನು ಹಾಗೇ ಸುರಿದರೆ ತಣ್ಣನೆಯ ರಸದಲ್ಲಿ ಅದು ಕರಗದೆ ತಳ ಹಿಡಿಯುತ್ತದೆ. ಮೊದಲ ಲೋಟ ಹುಳಿ, ಕೊನೆಯ ಲೋಟ ಬರೀ ಸಿಹಿ ಆಗುವುದು ಇದರಿಂದಲೇ.

ಇದರಲ್ಲಿ ಜನ ಮರೆಯುವುದು ಆ 270 ಮಿ.ಲೀ. ನೀರನ್ನು. ಶೇಕರ್‌ನಲ್ಲಿ ಐಸ್ ಹಾಕಿ ಕುಲುಕಿದಾಗ ತಣ್ಣಗಾಗುವುದರ ಜೊತೆಗೆ ಐಸ್ ಕರಗಿ ಹಾಕಿದ್ದರ ಕಡಿಮೆಯೆಂದರೂ ಕಾಲು ಭಾಗದಷ್ಟು ನೀರು ಸೇರುತ್ತದೆ. ಆ ನೀರಿನಿಂದಲೇ ಮದ್ಯದ ಖಾರ ಇಳಿದು ಪರಿಮಳ ಮೇಲೇಳುವುದು. ಜಗ್ಗಿನಲ್ಲಿ ಕುಲುಕುವ ಕೆಲಸವಿಲ್ಲ, ಹಾಗಾಗಿ ಆ ನೀರನ್ನು ನಾವೇ ಅಳೆದು ಹಾಕಬೇಕು. ನೀರು ಹಾಕಿದರೆ ಅತಿಥಿಗೆ ಮೋಸ ಮಾಡಿದಂತೆ ಎಂದು ಎಷ್ಟೋ ಮನೆಗಳಲ್ಲಿ ಕೈ ಹಿಂದೆಗೆಯುವುದನ್ನು ನೋಡಿದ್ದೇನೆ. ಆಮೇಲೆ ಗಂಟಲು ಸುಡುತ್ತದೆ ಎನ್ನುತ್ತಾರೆ. ನೀವು ಐಸ್ ಮೇಲೆ ಸುರಿಯುವವರಾದ್ದರಿಂದ ಐದನೇ ಒಂದು ಪಾಲು ಸಾಕು. ಐಸ್ ಇಲ್ಲದೆ ಫ್ರಿಜ್ಜಿನಿಂದ ನೇರ ಕೊಡುವುದಾದರೆ 340ಕ್ಕೆ ಏರಿಸಿ.

ಬರ್ಬನ್, ಪಾಕ, ನೀರು ಹಿಂದಿನ ರಾತ್ರಿಯೇ ಬೆರೆಸಿ ಫ್ರಿಜ್ಜಿನಲ್ಲಿಡಿ, ಏನೂ ಆಗದು. ನಿಂಬೆರಸ ಮಾತ್ರ ಅದೇ ಬೆಳಿಗ್ಗೆ ಹಿಂಡಿ. ಹಿಂಡಿದ ದಿನ ಚೆನ್ನಾಗಿರುತ್ತದೆ, ಮರುದಿನಕ್ಕೆ ಸಪ್ಪೆ ಹೊಡೆದು ಕಹಿ ತಲೆಯೆತ್ತುತ್ತದೆ. ದೊಡ್ಡ ಹಳದಿ ನಿಂಬೆ ಸಿಕ್ಕರೆ ಅದನ್ನೇ ತನ್ನಿ. ಚಿಕ್ಕ ಹಸಿರು ನಿಂಬೆಯ ಚೂಪು ಬರ್ಬನ್ನಿಗೆ ಅಷ್ಟು ಹೊಂದದು. ಹಣ್ಣು ಎಷ್ಟು ಎಂದು ಎಣಿಸಲು ಹೋಗಬೇಡಿ, ರಸ ಅಳೆಯಿರಿ.

ಇನ್ನೊಬ್ಬ ಸದಸ್ಯರು: ಸರ್, ವಸಂತ ಎಂದರೆ ಮಿಂಟ್ ಜೂಲೆಪ್ ಅಲ್ಲವೇ? ಕೆಂಟಕಿ ಡರ್ಬಿಯಲ್ಲಿ ಅದನ್ನೇ ಕೊಡುತ್ತಾರಲ್ಲ.

ಉತ್ತರ: ಹೌದು. ಅಮೆರಿಕದ ಲೂಯಿವಿಲ್‌ನ ಚರ್ಚಿಲ್ ಡೌನ್ಸ್ ಮೈದಾನದಲ್ಲಿ ಮೇ ತಿಂಗಳ ಮೊದಲ ಶನಿವಾರದ ಕುದುರೆ ಪಂದ್ಯಕ್ಕೆ ಜೂಲೆಪ್ ಇಲ್ಲದೆ ಕಳೆಯೇ ಇಲ್ಲ. ನನಗೂ ಬಲು ಇಷ್ಟ. ಆದರೆ ಅದು ಇಬ್ಬರು ಕೂತು ನಿಧಾನಕ್ಕೆ ಹೀರುವ ಪಾನೀಯ. 60 ಮಿ.ಲೀ. ಬರ್ಬನ್, ಸ್ವಲ್ಪ ಸಕ್ಕರೆ ಪಾಕ, ಪುದೀನ, ಗುಡ್ಡೆ ಹಾಕಿದ ಪುಡಿ ಐಸ್. ಪ್ರತಿ ಲೋಟಕ್ಕೂ ಪುಡಿ ಐಸ್ ಒಟ್ಟುತ್ತ ನಿಂತರೆ ಮೇಡಂ ಈ ವರ್ಷವೂ ಊಟಕ್ಕೆ ಕೂರುವುದಿಲ್ಲ. ನೀವು ಮಾಡಿಕೊಳ್ಳುವಾಗ ಪುದೀನವನ್ನು ಜಜ್ಜಬೇಡಿ, ಮೆಲ್ಲಗೆ ಒತ್ತಿದರೆ ಸಾಕು. ಎಣ್ಣೆ ಎಲೆಯ ಮೇಲ್ಮೈಯಲ್ಲೇ ಇದೆ, ಎಲೆ ಚಿಂದಿಯಾದರೆ ಬರುವುದು ಹಸಿರು ಕಹಿ.

ಇನ್ನೊಬ್ಬ ಸದಸ್ಯರು: ಹನ್ನೆರಡು ವರ್ಷ ಪೀಪಾಯಿಯಲ್ಲಿಟ್ಟ ಬರ್ಬನ್ ಬಾಟಲಿಯೊಂದು ನನ್ನ ಬಳಿ ಇದೆ. ಅದನ್ನು ಹೀಗೆ ಬಳಸಬಹುದೇ?

ಉತ್ತರ: ಬಳಸಬೇಡಿ, ಅದನ್ನು ಹಾಗೇ ಕುಡಿಯಿರಿ. ಅಷ್ಟು ವರ್ಷ ಮರದ ಒಗರು ಹೀರಿಕೊಂಡದ್ದಕ್ಕೆ ನಿಂಬೆ ಬಿದ್ದರೆ ನಾಲಿಗೆ ಒಣಗಿದಂತಾಗುತ್ತದೆ. ಇಂಥದ್ದಕ್ಕೆ ನಾಲ್ಕರಿಂದ ಆರು ವರ್ಷದ, 45ರಿಂದ 50%ನ ಬರ್ಬನ್ ಚೆಂದ. ಲೇಬಲ್ ಮೇಲೆ ‘ಬಾಟಲ್ಡ್ ಇನ್ ಬಾಂಡ್’ ಎಂದಿದ್ದರೆ ಅಮೆರಿಕದ 1897ರ ಕಾಯ್ದೆಯಂತೆ ಅದು ಕನಿಷ್ಠ ನಾಲ್ಕು ವರ್ಷದ್ದು, ಸರಿಯಾಗಿ 50%, ಒಂದೇ ಭಟ್ಟಿಯಲ್ಲಿ ಒಂದೇ ಋತುವಿನಲ್ಲಿ ಇಳಿಸಿದ್ದು. ಅದನ್ನು ಹಾಕುವುದಾದರೆ ಲೋಟಕ್ಕೆ 45 ಬದಲು 40 ಮಿ.ಲೀ.ಗೆ ಇಳಿಸಿ.

ಪ್ರಶ್ನೆ: ಸರ್, ತುಂಬಾ ಥ್ಯಾಂಕ್ಸ್. ಈಸ್ಟರ್ ಅಲ್ಲವೇ, ಮೇಲೆ ಮೊಟ್ಟೆಯ ಬಿಳಿ ನೊರೆ ಬರಿಸಬೇಕೆಂದಿದ್ದೆ. ಮತ್ತೆ ಕುಡಿಯದವರಿಗೂ ಇದರ ಹಾಗೇ ಕಾಣುವ ಒಂದು ಜಗ್ ಮಾಡಬಹುದೇ? ನಮ್ಮ ಅತ್ತಿಗೆ ಗರ್ಭಿಣಿ.

ಉತ್ತರ: ಮೊಟ್ಟೆ ಬಿಡಿ. ಕುಲುಕದೆ ನೊರೆ ಬಾರದು, ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಭಯವೂ ಇದೆ.

ಎರಡನೆಯದಕ್ಕೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ. ಬರ್ಬನ್ ಜಾಗಕ್ಕೆ ಸ್ಟ್ರಾಂಗ್ ಬ್ಲ್ಯಾಕ್ ಟೀ ತಣ್ಣಗಾಗಿಸಿ ಹಾಕಿ. ಲೋಟಕ್ಕೆ 90 ಮಿ.ಲೀ. ಟೀ, 20 ನಿಂಬೆರಸ, 20 ಜೇನಿನ ಪಾಕ. ಟೀಯ ಒಗರು ಮರದ ಒಗರಿನ ಕೆಲಸ ಮಾಡುತ್ತದೆ, ಬರೀ ಪಾನಕ ಎನಿಸುವುದಿಲ್ಲ. ಗರ್ಭಿಣಿಗೆ, ಮಕ್ಕಳಿಗೆ ಕೆಫೀನ್ ಇಲ್ಲದ ಟೀ ಬಳಸಿ. ವರ್ಷ ತುಂಬದ ಕೂಸು ಇದ್ದರೆ ಅದಕ್ಕೆ ಜೇನು ಬಾಯಿಗೆ ತಗಲಿಸಲೂ ಬೇಡಿ.

ಆದರೆ ‘ಇದರ ಹಾಗೇ ಕಾಣುವ’ ಜಗ್ ಬೇಡ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಆರತಕ್ಷತೆಯಲ್ಲಿ ನಾನು ಒಂದೇ ತರಹದ ಎರಡು ಜಗ್ ಇಟ್ಟಿದ್ದೆ, ಒಂದು ಮದ್ಯದ್ದು, ಒಂದು ಅಲ್ಲದ್ದು. ಮಾತ್ರೆ ತೆಗೆದುಕೊಳ್ಳುತ್ತಿದ್ದ ಹಿರಿಯರೊಬ್ಬರು ತಪ್ಪು ಜಗ್ಗಿನಿಂದ ಎರಡು ಲೋಟ ಕುಡಿದುಬಿಟ್ಟರು. ಅವರು ಸುಧಾರಿಸಿಕೊಂಡರು. ಆ ಸಂಜೆ ಅವರ ಮಗಳ ಮುಖ ಮಾತ್ರ ನನಗೆ ಇವತ್ತಿಗೂ ಮರೆತಿಲ್ಲ. ಅಂದಿನಿಂದ ಜಗ್ ಬೇರೆ, ಲೋಟದ ಆಕಾರ ಬೇರೆ, ಮೇಜೂ ಬೇರೆ, ಮೇಲೆ ದೊಡ್ಡದಾಗಿ ಬರೆದ ಚೀಟಿ.

ಲೆಕ್ಕವೂ ಗೊತ್ತಿರಲಿ. ನಿಮ್ಮ ಬಾಟಲಿಯ 45 ಮಿ.ಲೀ.ನಲ್ಲಿ ಸುಮಾರು 16 ಗ್ರಾಂ ಶುದ್ಧ ಆಲ್ಕೋಹಾಲ್. ಅಮೆರಿಕದಲ್ಲಿ ಒಂದು ‘ಡ್ರಿಂಕ್’ ಎಂದರೆ 14 ಗ್ರಾಂ. ಜೇನು-ನಿಂಬೆಯ ಮರೆಯಲ್ಲಿ ಅದು ನಾಲಿಗೆಗೆ ತಿಳಿಯುವುದಿಲ್ಲ. ಊಟ ಬಡಿಸಿದ ಮೇಲೇ ಎರಡನೇ ಲೋಟ ಕೊಡಿ, ಹಗುರ ಬೇಕೆಂದವರಿಗೆ ಮೇಲೆ 60 ಮಿ.ಲೀ. ತಣ್ಣನೆ ಸೋಡಾ ಹಾಕಿ. ವಾಪಸ್ ಗಾಡಿ ಓಡಿಸುವವರು ಯಾರೆಂದು ಮೊದಲೇ ಕೇಳಿ, ಅವರಿಗೆ ಟೀ ಜಗ್ ತೋರಿಸಿ.

ಪ್ರಶ್ನೆ: ಸರ್, ಇವತ್ತು ಒಂದು ಲೋಟದಷ್ಟು ಮಾಡಿ ನೋಡಿದೆ. ಬೆರೆಸಿದಾಗ ಸಿಹಿ ಹೆಚ್ಚೆನಿಸಿತು, ಪಾಕ ಕಡಿಮೆ ಮಾಡಿದೆ. ಫ್ರಿಜ್ಜಿನಿಂದ ತೆಗೆದರೆ ಹುಳಿ ಹೊಡೆಯುತ್ತಿದೆ!

ಉತ್ತರ: ತಣ್ಣಗಾದಷ್ಟೂ ನಾಲಿಗೆಗೆ ಸಿಹಿ ಮಂಕಾಗುತ್ತದೆ ಮೇಡಂ. ಅಳತೆ ಮುಟ್ಟಬೇಡಿ, ಪಾಕ ಮೊದಲಿನಷ್ಟೇ ಹಾಕಿ. ಜಗ್ ಪೂರ್ತಿ ತಣ್ಣಗಾದ ಮೇಲೆ, ಐಸ್ ಇರುವ ಲೋಟಕ್ಕೆ ಸುರಿದು ರುಚಿ ನೋಡಿ. ಆಗಲೂ ಚೂಪಾಗಿದ್ದರೆ ಇಡೀ ಜಗ್ಗಿಗೆ ಎರಡು ಚಿಟಿಕೆ ಉಪ್ಪು, ಅಷ್ಟೇ.

ಐಸ್‌ನ ಗಡ್ಡೆ ದೊಡ್ಡದಿರಲಿ. ಮಫಿನ್ ಅಚ್ಚಿನಲ್ಲಿ ನೀರು ತುಂಬಿ ಶನಿವಾರವೇ ಫ್ರೀಜರ್‌ಗೆ ಇಟ್ಟುಬಿಡಿ. ಸಣ್ಣ ತುಂಡುಗಳಿಗಿಂತ ನಿಧಾನ ಕರಗುತ್ತದೆ. ಜಗ್ಗಿನೊಳಗೆ ಐಸ್ ಹಾಕಬೇಡಿ, ಲೋಟಕ್ಕೆ ಮಾತ್ರ. ಇಲ್ಲವಾದರೆ ಅಳೆದು ಹಾಕಿದ 270 ಮಿ.ಲೀ.ಗೆ ಅರ್ಥವೇ ಉಳಿಯುವುದಿಲ್ಲ.