ಪ್ರಾರ್ಥನೆಗೆ ಕೂತರೆ ಮಾತೇ ಬರುತ್ತಿಲ್ಲ, ನನ್ನ ನಂಬಿಕೆ ಹೋಯಿತಾ?

ಮಲ್ಪೆಯವಳು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ತುಂಬಾ ಯೋಚಿಸಿ ಬರೆಯುತ್ತಿದ್ದೇನೆ.

ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ಮದುವೆಗೆ ಮುಂಚಿನಿಂದಲೂ ನಾನು ಕ್ವಾಯರ್‌ನಲ್ಲಿ ಹಾಡುತ್ತಿದ್ದೆ. ಗಂಡ ಗಲ್ಫ್‌ನಲ್ಲಿದ್ದರು. ಅವರ ಕಂಪೆನಿ ಮುಚ್ಚಿತು. ಕೊನೆಯ ತಿಂಗಳುಗಳ ಸಂಬಳ ಬರಲೇ ಇಲ್ಲ. ಈಗ ಊರಿಗೆ ಬಂದು ಕೆಲಸ ಹುಡುಕುತ್ತಿದ್ದಾರೆ. ಮನೆ ಸಾಲದ ಕಂತು ಮಾತ್ರ ನಿಂತಿಲ್ಲ. ಮಗ ಎಸ್ಸೆಸ್ಸೆಲ್ಸಿ. ನಾನು ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮನೆ ನಡೆಯುವುದು ಅದರಲ್ಲೇ.

ಕಷ್ಟ ಹೇಳಿಕೊಳ್ಳಲು ಬಂದದ್ದಲ್ಲ, ಕಷ್ಟ ಯಾರಿಗಿಲ್ಲ ಹೇಳಿ. ನನ್ನ ತೊಂದರೆ ಬೇರೆ. ರಾತ್ರಿ ಪ್ರಾರ್ಥನೆಗೆ ಕೂತರೆ ಬಾಯಿ ತೆರೆಯುವುದಿಲ್ಲ. 'ಸ್ವಾಮೀ' ಅನ್ನುತ್ತೇನೆ, ಮುಂದೆ ಏನೂ ಇಲ್ಲ. ಭಾನುವಾರ ಆರಾಧನೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಹಾಡು ಶುರುವಾದರೆ ಗಂಟಲು ಕಟ್ಟುತ್ತದೆ. ಸ್ತ್ರೀಯರ ಕೂಟದಲ್ಲಿ ಒಬ್ಬೊಬ್ಬರಾಗಿ ಸಾಕ್ಷಿ (ದೇವರು ತಮಗೆ ಮಾಡಿದ ಒಳ್ಳೆಯದನ್ನು) ಹೇಳುವಾಗ ನನ್ನ ಸರದಿ ಬರುವ ಮುಂಚೆ ಎದ್ದು ಬಂದುಬಿಡುತ್ತೇನೆ. ಅಲ್ಲಿ ಒಬ್ಬರು ಪ್ರೀತಿಯಿಂದಲೇ ಹೇಳಿದರು, 'ನಂಬಿಕೆ ಗಟ್ಟಿ ಇದ್ದರೆ ಬಾಗಿಲು ತೆರೆಯುತ್ತದೆ, ನಿನ್ನದು ಸ್ವಲ್ಪ ಸಡಿಲ ಆಗಿದೆ' ಅಂತ. ಅವತ್ತಿನಿಂದ ಆ ಮಾತು ತಲೆಯಿಂದ ಹೋಗುತ್ತಿಲ್ಲ. ಯೇಸು ಸ್ವಾಮಿಯನ್ನು ನಾನು ಬಿಟ್ಟಿಲ್ಲ. ಆದರೆ ಹಿಡಿದುಕೊಳ್ಳಲು ಕೈಯಲ್ಲಿ ಶಕ್ತಿ ಇಲ್ಲ. ಇದು ನಂಬಿಕೆ ಇಲ್ಲದ ಲಕ್ಷಣವಾ?

ಜೆಪ್ಪುವಿನ ಮೇಷ್ಟ್ರು:

ತಂಗೀ, ಇಲ್ಲ. ಯಾಕೆ ಇಲ್ಲ ಅಂತ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ನನ್ನ ಅಪ್ಪ ಮಂಗಳೂರಿನ ಜೆಪ್ಪುವಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. ಬಾಸೆಲ್ ಮಿಷನ್ನಿನವರು 1865ರಲ್ಲಿ ಶುರು ಮಾಡಿದ ಕಾರ್ಖಾನೆ ಅದು. ಮಳೆಗಾಲಕ್ಕೆ ಮುಂಚೆ ನಮ್ಮ ಮನೆ, ನೆರೆಮನೆಗಳ ಮಾಡಿಗೆ (ಛಾವಣಿಗೆ) ಹತ್ತಿ ಒಡೆದ ಹೆಂಚು ಬದಲಿಸುವುದು ಅಪ್ಪನ ರಜೆಯ ಕೆಲಸ. ಕೆಳಗಿನಿಂದ ಹೆಂಚು ಎತ್ತಿಕೊಡುವುದು ನನ್ನ ಕೆಲಸ. ಹಾಗಾಗಿ ಬೈಬಲಿನ ಪಾರ್ಶ್ವವಾಯು ರೋಗಿಯ ಕಥೆ ಓದುವಾಗಲೆಲ್ಲ ನನ್ನ ಕಣ್ಣು ಮಾಡಿನ ಮೇಲೆಯೇ ಇರುತ್ತದೆ. ಮಾರ್ಕನ 2ನೇ ಅಧ್ಯಾಯದಲ್ಲೂ ಇದೆ, ಲೂಕನ 5ನೇ ಅಧ್ಯಾಯದಲ್ಲೂ ಇದೆ. ಲೂಕನು ಹೆಂಚು ತೆಗೆದ ವಿಷಯವನ್ನೂ ಬರೆದಿದ್ದಾನೆ.

ಕಪೆರ್ನೌಮ್ ಊರಿನ ಒಂದು ಮನೆ, ಒಳಗೆ ಯೇಸು ಸ್ವಾಮಿ. ಬಾಗಿಲಲ್ಲಿ ಕಾಲಿಡಲು ಜಾಗ ಇಲ್ಲ. ನಾಲ್ಕು ಜನ ಒಬ್ಬನನ್ನು ಹಾಸಿಗೆ ಸಮೇತ ಹೊತ್ತು ತಂದಿದ್ದಾರೆ. ಒಳಗೆ ಹೋಗಲು ಆಗದೆ ಮಾಡಿಗೆ ಹತ್ತುತ್ತಾರೆ. ಇದು ಓದಲು ಒಂದೇ ಸಾಲು. ಮಾಡುವವರಿಗೆ ಗೊತ್ತು. ನಮ್ಮ ಮಂಗಳೂರು ಹೆಂಚಾದರೆ ಒಂದೊಂದೂ ಎರಡು ಕಿಲೋಗಿಂತ ಜಾಸ್ತಿ ತೂಕ. ಮೇಲಿನ ಸಾಲು ಎತ್ತದೆ ಕೆಳಗಿನದು ಬರುವುದಿಲ್ಲ. ಅವರ ಕಾಲದ ಮಾಡು ಬೇರೆ ಥರ ಇತ್ತು, ಸರಿ. ಆದರೂ ಒಬ್ಬ ಮನುಷ್ಯನನ್ನು ಮಲಗಿಸಿಯೇ ಇಳಿಸುವಷ್ಟು ಕಂಡಿ ಬೇಕು ಅಂದರೆ ಹೊತ್ತು ಹಿಡಿಯುತ್ತದೆ. ಕೆಳಗೆ ಕೂತವರ ತಲೆಗೆ ಮಣ್ಣು, ಧೂಳು ಬಿದ್ದಿರಬೇಕು. ಮನೆಯ ಯಜಮಾನ ಕೂಗಾಡಿರಬೇಕು. ಅಷ್ಟೆಲ್ಲ ಆಗುವಾಗ ಆ ರೋಗಿ ಏನು ಮಾಡುತ್ತಿದ್ದ? ಸುಮ್ನೆ ಮಲಗಿದ್ದ. ವಾಸಿಯಾಗುವ ಮುಂಚೆ ಅವನು ಒಂದು ಮಾತು ಆಡಿದ್ದು ಸುವಾರ್ತೆಯಲ್ಲಿ ಎಲ್ಲೂ ಇಲ್ಲ. ಪ್ರಾರ್ಥನೆ ಇಲ್ಲ, ಸಾಕ್ಷಿ ಇಲ್ಲ, ಬೇಡಿಕೆಯೂ ಇಲ್ಲ. ಯೇಸು ಸ್ವಾಮಿ ನೋಡಿದ್ದು ಅವನೊಬ್ಬನ ನಂಬಿಕೆಯನ್ನಲ್ಲ, ಹೊತ್ತು ತಂದವರ ನಂಬಿಕೆಯನ್ನೂ ಸೇರಿಸಿಯೇ. ಅವನನ್ನು 'ಮಗನೇ' ಅಂತ ಕರೆದರು. ನಿನ್ನ ನಂಬಿಕೆ ಎಷ್ಟು ಗಟ್ಟಿ ಅಂತ ಕೇಳಲಿಲ್ಲ.

ನನ್ನ ಹೆಂಡತಿ ತೀರಿಕೊಂಡ ವರ್ಷ ನಾನು ಬೈಬಲ್ ಮುಟ್ಟಲಿಲ್ಲ. ನಮ್ಮ ಸಭೆಯ ಇಬ್ಬರು ಸಂಜೆ ಹೊತ್ತು ಮನೆಗೆ ಬರುತ್ತಿದ್ದರು. ಒಬ್ಬರು ಚಾ ಮಾಡುತ್ತಿದ್ದರು, ಇನ್ನೊಬ್ಬರು ಒಂದು ಕೀರ್ತನೆ ಓದುತ್ತಿದ್ದರು. ನನಗೆ ಆಮೆನ್ ಅನ್ನಲೂ ಆಗುತ್ತಿರಲಿಲ್ಲ. ಅನ್ನು ಅಂತ ಅವರೂ ಒತ್ತಾಯಿಸಲಿಲ್ಲ. ಒಂದು ಸಂಜೆ ಅವರು ಹಾಡಿನ ಎರಡನೇ ಚರಣದಲ್ಲಿ ರಾಗ ತಪ್ಪಿದಾಗ ನಾನೇ ಎತ್ತಿಕೊಟ್ಟೆ. ಎಷ್ಟೋ ತಿಂಗಳ ಮೇಲೆ ನನ್ನ ಬಾಯಿಂದ ಬಂದ ಮೊದಲ ಪ್ರಾರ್ಥನೆ ಅದು. ಅಷ್ಟು ದಿನ ಆ ಮನೆಯಲ್ಲಿ ಪ್ರಾರ್ಥನೆ ನಿಂತಿರಲಿಲ್ಲ, ಅಲ್ವಾ? ನನ್ನ ಪರವಾಗಿ ಬೇರೆಯವರು ಮಾಡುತ್ತಿದ್ದರು.

ಆದ್ದರಿಂದ ನೀವು ಮಾಡಬೇಕಾದ್ದು ಇಷ್ಟೇ. ನಂಬುವ ಇಬ್ಬರನ್ನು ಆರಿಸಿ. ಇಲ್ಲಿ ಬರೆದದ್ದನ್ನೇ ಅವರಿಗೆ ಹೇಳಿ. 'ನನಗೆ ಆಗುತ್ತಿಲ್ಲ, ನನ್ನ ಪಾಲಿಂದು ನೀವು ಮಾಡಿ' ಅನ್ನಿ. ಸಾಕ್ಷಿ ಹೇಳುವ ಕೂಟಕ್ಕೆ ಕೆಲವು ವಾರ ಹೋಗದಿದ್ದರೂ ಪರವಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಭಾನುವಾರದ ಆರಾಧನೆ ಮಾತ್ರ ಬಿಡಬೇಡಿ.

ಅತ್ತೂರು ಕಡೆಯವಳು:

ನಾನು ಕಥೊಲಿಕ್, ಕಾರ್ಕಳದ ಹತ್ತಿರದವಳು. ಮೇಷ್ಟ್ರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ.

ಸ್ವಂತ ಮಾತು ಬಾರದಿದ್ದರೆ ಬರೆದಿಟ್ಟ ಮಾತು ಬಳಸಿ ಅಕ್ಕಾ. ಶಿಲುಬೆಯ ಮೇಲೆ ಯೇಸು 'ನನ್ನ ದೇವರೇ, ನನ್ನ ದೇವರೇ, ಯಾಕೆ ಕೈಬಿಟ್ಟೆ' ಅಂತ ಕೂಗಿದರಲ್ಲ, ಅದು 22ನೇ ಕೀರ್ತನೆಯ ಮೊದಲ ಮಾತು. ಅಷ್ಟು ನೋವಿನಲ್ಲಿ ಅವರ ಬಾಯಿಗೆ ಬಂದದ್ದೂ ಚಿಕ್ಕಂದಿನಿಂದ ಕೇಳಿದ ಪ್ರಾರ್ಥನೆಯೇ. 88ನೇ ಕೀರ್ತನೆ ಓದಿದ್ದೀರಾ? ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಯಲ್ಲಿ ಸಮಾಧಾನದ ಒಂದು ಸಾಲೂ ಇಲ್ಲ. ಅದನ್ನೂ ದೇವರ ಮುಂದೆ ಹಾಡಲೆಂದೇ ಬರೆದಿದ್ದಾರೆ. ಅಂಥ ಹಾಡಿಗೆ ಪವಿತ್ರ ಗ್ರಂಥದಲ್ಲಿ ಜಾಗ ಇದೆ ಅಂದಮೇಲೆ ನಿಮ್ಮ ಗಂಟಲು ಕಟ್ಟುವುದಕ್ಕೆ ಜಾಗ ಇಲ್ಲವಾ?

ಅತ್ತೂರಿನ ಸಂತ ಲಾರೆನ್ಸರ ಬಸಿಲಿಕಕ್ಕೆ ಜನವರಿಯ ಹಬ್ಬದಲ್ಲಿ ಎಲ್ಲ ಜಾತಿಯವರೂ ಬರುತ್ತಾರೆ. ಎಷ್ಟೋ ಜನರಿಗೆ ನಮ್ಮ ಪ್ರಾರ್ಥನೆಗಳು ಗೊತ್ತಿಲ್ಲ. ಮೇಣದ ಬತ್ತಿ ಹಚ್ಚಿ, ಕೈ ಮುಗಿದು, ಅತ್ತು ಹೋಗುತ್ತಾರೆ. ಅವರು ಪ್ರಾರ್ಥನೆ ಮಾಡಲಿಲ್ಲ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಮಣಿಪಾಲದ ನರ್ಸ್:

ಮೇಲಿನವರು ಹೇಳಿದ್ದೆಲ್ಲ ಒಪ್ಪುತ್ತೇನೆ. ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ನಿದ್ರೆ ಬರುತ್ತಾ? ಊಟ ಸೇರುತ್ತಾ? ಬೈಬಲಿನ ಪ್ರವಾದಿ ಎಲೀಯನು ಅರಣ್ಯದಲ್ಲಿ ಗಿಡದ ಕೆಳಗೆ ಬಿದ್ದು 'ಸಾಕು, ಸಾಯುತ್ತೇನೆ' ಅಂದಾಗ ದೇವದೂತ ಬೋಧನೆ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ. ಆಮೇಲೆ ಎಬ್ಬಿಸಿ ಇನ್ನೊಮ್ಮೆ ತಿನ್ನಿಸಿದ.

ಎರಡು ವಾರಕ್ಕಿಂತ ಜಾಸ್ತಿ ಹೀಗೇ ಇದ್ದರೆ ಡಾಕ್ಟರಿಗೆ ತೋರಿಸಿ. ಹಾಗೆ ಮಾಡಿದರೆ ನಂಬಿಕೆ ಕಡಿಮೆ ಅಂತ ಆಗುವುದಿಲ್ಲ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಇದೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬದುಕು ಸಾಕು ಅನ್ನಿಸಿದರೆ ಬೆಳಗಾಗುವವರೆಗೆ ಕಾಯಬೇಡಿ, ಆಗಲೇ ಫೋನ್ ಮಾಡಿ.

ಮಲ್ಪೆಯವಳು:

ಎಲ್ಲರಿಗೂ ದೇವರು ಒಳ್ಳೆಯದು ಮಾಡಲಿ. ಓದಿ ತುಂಬಾ ಅತ್ತೆ, ಆದರೆ ಇದು ಬೇರೆ ಥರದ ಅಳು. ಸಾಯುವ ಯೋಚನೆ ಇಲ್ಲ ನರ್ಸ್ ಅಕ್ಕಾ, ನಿದ್ರೆ ಮಾತ್ರ ಇಲ್ಲ. ತೋರಿಸುತ್ತೇನೆ. ಕ್ವಾಯರ್‌ನಲ್ಲಿ ಪಕ್ಕ ನಿಲ್ಲುತ್ತಿದ್ದವಳಿಗೆ ನಿನ್ನೆ ಫೋನ್ ಮಾಡಿ ಎಲ್ಲ ಹೇಳಿದೆ. ಭಾನುವಾರ ಹಿಂದಿನ ಬೆಂಚಿಗೇ ಬಂದು ನನ್ನ ಪಕ್ಕ ಕೂರುತ್ತಾಳಂತೆ. 88ನೇ ಕೀರ್ತನೆಯನ್ನು ಗಂಡನಿಗೂ ಓದಿ ಹೇಳಿದೆ. ಅವರು ಬೈಬಲ್ ಇಸಿದುಕೊಂಡು ಇನ್ನೊಮ್ಮೆ ಓದಿದರು.

ಮೇಷ್ಟ್ರೇ, ಮಗನಿಗೆ ಮನೆ ಪರಿಸ್ಥಿತಿ ಹೇಳುವುದಾ? ಪರೀಕ್ಷೆ ವರ್ಷ ಅಂತ ಮುಚ್ಚಿಟ್ಟಿದ್ದೇವೆ.

ಜೆಪ್ಪುವಿನ ಮೇಷ್ಟ್ರು:

ಹೇಳಿ. ಆ ವಯಸ್ಸಿನ ಮಕ್ಕಳಿಗೆ ಪಾಠ ಮಾಡಿದವನು ನಾನು. ಮನೆಯಲ್ಲಿ ಏನೋ ಆಗಿದೆ ಅಂತ ಅವರಿಗೆ ಗೊತ್ತೇ ಇರುತ್ತದೆ. ಹೇಳದಿದ್ದರೆ ಇನ್ನೂ ದೊಡ್ಡದನ್ನು ಊಹಿಸಿಕೊಳ್ಳುತ್ತಾರೆ. ಸಾಲ ಎಷ್ಟು ಅಂತ ಹೇಳಬೇಕಿಲ್ಲ. ಅಪ್ಪನಿಗೆ ಕೆಲಸ ಇಲ್ಲ, ಅಮ್ಮನಿಗೆ ಬೇಜಾರಾಗಿದೆ, ಒಟ್ಟಿಗೆ ಕೂತು ಪ್ರಾರ್ಥಿಸೋಣ ಅನ್ನಿ. ಅವನೇ ಓದಲಿ.

ಇನ್ನೊಂದು. ಬಾಕಿ ಸಂಬಳದ ಆಸೆ ಬಿಡಬೇಡಿ. ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್‌ನಲ್ಲಿ ದೂರು ಹಾಕಲು ಆಗುತ್ತದೆ. ಅದು ಆ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಗೆ ಹೋಗುತ್ತದೆ. ಕೆಲಸದ ಕರಾರು ಪತ್ರ, ಸಂಬಳದ ಚೀಟಿ, ಪಾಸ್‌ಪೋರ್ಟ್ ಪ್ರತಿ ಎಲ್ಲ ತೆಗೆದಿಡಲು ಗಂಡನಿಗೆ ಹೇಳಿ. ಅರ್ಜಿ ಬರೆಯುವುದಕ್ಕೆ ಸಹಾಯ ಬೇಕಿದ್ದರೆ ಇಲ್ಲೇ ಕೇಳಿ, ನಾನು ಬರೆದುಕೊಡುತ್ತೇನೆ.