ಒಂದೇ ಹೊಲ, ಮೇಲೆ ಗರಸು, ಕೆಳಗೆ ಎರೆ

ಇಂಡಿ ಹತ್ತಿರ ನಮ್ಮ ಆರು ಎಕರೆ ಹೊಲ ದಿಬ್ಬದಿಂದ ಹಳ್ಳದವರೆಗೆ ಇಳಿಜಾರಾಗಿದೆ. ತಗ್ಗಿನಲ್ಲಿ ಮಣ್ಣು ಚೆನ್ನಾಗಿದೆ, ಅಲ್ಲಿ ದಾಳಿಂಬೆ ಹಚ್ಚಬೇಕು ಅಂತಿದ್ದೇನೆ. ಮಣ್ಣು ಪರೀಕ್ಷೆಗೆ ಒಂದೇ ಚೀಲ ಕೊಟ್ಟರೆ ಸಾಕಾ? ಅನುಭವ ಇದ್ದವರು ಹೇಳಿ.

—

ದಯವಿಟ್ಟು ಒಂದೇ ಚೀಲ ಕೊಡಬೇಡಿ. ನಾನು ಹಾಗೆ ಮಾಡಿ ಎರಡು ವರ್ಷದ ಗೊಬ್ಬರದ ದುಡ್ಡು ಕಳೆದುಕೊಂಡೆ.

ನಮ್ಮದು ಡೋಣಿ ನದಿ ಸಾಲಿನ ಹೊಲ. ದಿಬ್ಬದ ಮೇಲೆ ಒಂದು ಗೇಣು ಅಗೆದರೆ ಗರಸು, ಅಂದರೆ ಕಲ್ಲುಹರಳಿನ ಮಣ್ಣು. ಹಳ್ಳದ ದಂಡೆಗೆ ಆಳೆತ್ತರ ಅಗೆದರೂ ಎರೆಯೇ, ಅಂದರೆ ಜಿಗುಟು ಕಪ್ಪು ಮಣ್ಣು. ಅಡಿಯಲ್ಲಿರುವ ಕರಿಕಲ್ಲು ಎರಡೂ ಕಡೆ ಅದೇ, ಆದರೆ ಮಳೆ ವರ್ಷ ವರ್ಷವೂ ಮೇಲಿನ ಸಣ್ಣ ಮಣ್ಣನ್ನು ತೊಳೆದು ಕೆಳಗೆ ತರುತ್ತದೆ, ಅದರ ಜೊತೆಗೆ ಸುಣ್ಣ ಮತ್ತು ಉಪ್ಪು ನೀರಲ್ಲಿ ಕರಗಿ ಇಳಿದು ತಗ್ಗಿನಲ್ಲೇ ಕೂರುತ್ತವೆ. ಎರಡನ್ನೂ ಕಲಸಿ ಕಳಿಸಿದ್ದೆ. ಬಂದ ವರದಿ ಮೇಲಿನದಕ್ಕೂ ಹೊಂದಲಿಲ್ಲ, ಕೆಳಗಿನದಕ್ಕೂ ಇಲ್ಲ.

ದಿಬ್ಬ, ನಡು, ತಗ್ಗು ಅಂತ ಮೂರು ಚೀಲ ಮಾಡಿ. ಪ್ರತಿ ಭಾಗದಲ್ಲಿ ಎಂಟ್ಹತ್ತು ಕಡೆ 15 ಸೆಂ.ಮೀ. ಆಳಕ್ಕೆ ಮಣ್ಣು ತೆಗೆದು ಕಲಸಿ, ಅರ್ಧ ಕಿಲೋ ಉಳಿಸಿಕೊಳ್ಳಿ. ಬದುವಿನ ಪಕ್ಕ, ತಿಪ್ಪೆ ಹತ್ತಿರ ಬೇಡ.

ತಗ್ಗಿನ ಎರೆಗೆ ದಾಳಿಂಬೆ ಹಚ್ಚಬೇಡಿ ಅನ್ನುತ್ತೇನೆ. ನೀರು ನಿಂತರೆ ಬೇರು ತಡೆಯುವುದಿಲ್ಲ. ಸುಣ್ಣ ಜಾಸ್ತಿ ಇದ್ದರೆ ಮಣ್ಣಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗುವುದಿಲ್ಲ, ಎಳೆ ಎಲೆ ಹಳದಿಯಾಗುತ್ತದೆ. ಅಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ ಬಿತ್ತಿ, ಎರೆ ಹಿಡಿದಿಟ್ಟ ತೇವದಲ್ಲೇ ಬರುತ್ತವೆ. ದಾಳಿಂಬೆಗೆ ನಡು ಭಾಗ ನೋಡಿ. ಮೊದಲು ಮೂರಡಿ ಗುಂಡಿ ತೆಗೆಸಿ, ಬಿಳಿ ಸುಣ್ಣದ ಹರಳು ಎಷ್ಟು ಆಳದಿಂದ ಶುರುವಾಗುತ್ತದೆ ಅಂತ ಕಣ್ಣಾರೆ ನೋಡಿ. ಮೇಲ್ಮಣ್ಣಿನ ವರದಿಯಲ್ಲಿ ಅದು ಗೊತ್ತಾಗುವುದಿಲ್ಲ, ಅಲ್ವಾ?

—

ನಾನು ಬಾದಾಮಿ ಕಡೆಯವನು. ನಮ್ಮ ಗುಡ್ಡ ಮರಳುಗಲ್ಲಿನದು, ಹಾಗಾಗಿ ಅದರ ಬುಡದಲ್ಲಿ ಸಿಗುವುದು ಮರಳು ಬೆರೆತ ಕೆಂಪು ಮಸಾರಿ. ಮಲಪ್ರಭಾ ಕಡೆ ಇಳಿದರೆ ಎರೆ. ನಮ್ಮ ಮಾವನ ಊರಿಗೆ ಕಾಲುವೆ ನೀರು ಬಂತು. ಮೇಲಿನವರು ಕಬ್ಬಿಗೆ ಸುಮ್ನೆ ನೀರು ಬಿಡುತ್ತಾ ಹೋದರು, ಅದು ಬಸಿದು ಕೆಳಗಿದ್ದ ಮಾವನ ಎರಡೆಕರೆ ಸವಳಾಯಿತು, ಅಂದರೆ ಉಪ್ಪು ಮಣ್ಣಾಯಿತು. ಬೇಸಿಗೆಯಲ್ಲಿ ಬೆಳ್ಳಗೆ ಉಪ್ಪು ಕಾಣುತ್ತದೆ. ನಿಮ್ಮ ಮೇಲಿನ ಹೊಲದವರು ಏನು ಬೆಳೆಯುತ್ತಾರೆ, ನೀರು ಎಲ್ಲಿಗೆ ಬಸಿಯುತ್ತದೆ, ಅದನ್ನೂ ನೋಡಿಕೊಳ್ಳಿ.

—

ಇಬ್ಬರಿಗೂ ಧನ್ಯವಾದ. ನಡು ಭಾಗದಲ್ಲಿ ಗುಂಡಿ ತೆಗೆಸುತ್ತೇನೆ. ದಿಬ್ಬದ ಒಡ್ಡು ಎರಡು ಕಡೆ ಒಡೆದಿದೆ, ಅದನ್ನು ಈಗಲೇ ಕಟ್ಟಿಸಬೇಕಾ?

—

ಮಳೆಗೆ ಮುಂಚೆಯೇ ಕಟ್ಟಿಸಿ. ಅಲ್ಲಿ ಉಳಿದಿರುವುದೇ ಒಂದು ಗೇಣು ಮಣ್ಣು.